ಆಡು, ನಾರು, ವಿಮಾನ: ಸೇಂಟ್ ಹೆಲೆನಾ ದ್ವೀಪದ ಲೆಕ್ಕದ ಪುಸ್ತಕ

2016ರ ಏಪ್ರಿಲ್ 18. ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ, ಕಡಿದಾದ ಬಂಡೆಯ ನೆತ್ತಿಯ ಮೇಲೆ, ಹೊಚ್ಚ ಹೊಸ ರನ್‌ವೇ. ಅದರ ಮೇಲೆ ಮೊದಲ ಬಾರಿಗೆ ಒಂದು ಬೋಯಿಂಗ್ 737-800 ಇಳಿಯಬೇಕಿತ್ತು. ಅದು ಪ್ರಯೋಗದ ಹಾರಾಟ. ವಿಮಾನ ಉತ್ತರದಿಂದ ಬಂತು. ನೆಲ ಹತ್ತಿರವಾಗುತ್ತಿದ್ದ ಹಾಗೆ ರೆಕ್ಕೆ ಆ ಕಡೆ ಈ ಕಡೆ ಓಲಾಡಿತು. ಪೈಲಟ್ ಇಳಿಸುವುದನ್ನು ಬಿಟ್ಟು ಮತ್ತೆ ಮೇಲಕ್ಕೆತ್ತಿದರು. ಸುತ್ತು ಹಾಕಿ ಬಂದು ಆಮೇಲೆ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಷ್ಟರಲ್ಲಿ 28.5 ಕೋಟಿ ಪೌಂಡ್ ಖರ್ಚಿನ ಲೆಕ್ಕವೇ ತಲೆಕೆಳಗಾಗಿತ್ತು.

ಒಂದು ತಿಂಗಳ ನಂತರ, ಮೇ 21ರಂದು, ನಿಲ್ದಾಣದ ಉದ್ಘಾಟನೆ ನಡೆಯಬೇಕಿತ್ತು. ದ್ವೀಪ ಪೋರ್ಚುಗೀಸರ ಕಣ್ಣಿಗೆ ಬಿದ್ದದ್ದು 1502ರ ಅದೇ ದಿನ ಅನ್ನೋದು ರೂಢಿ, ಹಾಗಾಗಿ ಅಲ್ಲಿ ಅದು ಹಬ್ಬ. ರಾಜಮನೆತನದ ಎಡ್ವರ್ಡ್ ಬರುವವರಿದ್ದರು. ಎಲ್ಲವನ್ನೂ ಮುಂದೂಡಿದರು. ಮತ್ತೆ ಯಾವಾಗ ಅಂತ ದಿನ ಕೂಡ ಹೇಳಲಿಲ್ಲ. ಬ್ರಿಟನ್ನಿನ ಪತ್ರಿಕೆಗಳು ಇದಕ್ಕೆ 'ಜಗತ್ತಿನ ಅತ್ಯಂತ ನಿರುಪಯೋಗಿ ವಿಮಾನ ನಿಲ್ದಾಣ' ಅಂತ ಹೆಸರಿಟ್ಟವು.

ಈ ಪ್ರಕರಣವನ್ನು ಸಾಮಾನ್ಯವಾಗಿ ಇಲ್ಲಿಂದ ಶುರು ಮಾಡಿ ಇಲ್ಲಿಗೇ ಮುಗಿಸುತ್ತಾರೆ. ತೆರಿಗೆ ಹಣ ಪೋಲು, ಅಧಿಕಾರಿಗಳ ಎಡವಟ್ಟು, ಒಂದಿಷ್ಟು ನಗು. ನನಗೆ ಅದು ಅರ್ಧ ಕಥೆ ಅನ್ನಿಸುತ್ತದೆ. ಸೇಂಟ್ ಹೆಲೆನಾಗೆ ಒಂದೇ ಒಂದು ಆಸರೆಯ ಮೇಲೆ ನಿಲ್ಲುವ ಸ್ಥಿತಿ ವಿಮಾನದಿಂದ ಬಂದದ್ದಲ್ಲ. ಐನೂರು ವರ್ಷದಿಂದ ಹಾಗೇ ಇದೆ. ಆಸರೆ ಮಾತ್ರ ಬದಲಾಗುತ್ತಾ ಬಂದಿದೆ. ಪ್ರತಿಸಲವೂ ಅದನ್ನು ಆರಿಸಿದವರು ದೂರದ ಯಾವುದೋ ಕಚೇರಿಯಲ್ಲಿ ಕೂತಿದ್ದರು. ಪ್ರತಿಸಲವೂ ಬಿಲ್ಲು ಕಟ್ಟಿದ್ದು ದ್ವೀಪದ ಮಣ್ಣು, ಮರ, ನೀರು.

ಎಲ್ಲಿದೆ, ಎಷ್ಟಿದೆ

ದ್ವೀಪದ ಅಳತೆ ಸುಮಾರು 122 ಚದರ ಕಿಲೋಮೀಟರ್. ಉದ್ದ 16 ಕಿ.ಮೀ., ಅಗಲ 8 ಕಿ.ಮೀ. ಅಷ್ಟೆ. ಆಫ್ರಿಕಾದ ಅಂಗೋಲಾ ತೀರ ಇಲ್ಲಿಂದ 1,900 ಕಿ.ಮೀ. ಆಸುಪಾಸಿನಲ್ಲಿದೆ. ಪಕ್ಕದ ಮನೆ ಅನ್ನಬಹುದಾದ ಅಸೆನ್ಷನ್ ದ್ವೀಪವೇ 1,300 ಕಿ.ಮೀ. ದೂರ. ಜನ ಸುಮಾರು ನಾಲ್ಕೂವರೆ ಸಾವಿರ. ತಮ್ಮನ್ನು ತಾವು 'ಸೇಂಟ್ಸ್' ಅಂತ ಕರೆದುಕೊಳ್ಳುತ್ತಾರೆ. ರಾಜಧಾನಿ ಜೇಮ್ಸ್‌ಟೌನ್ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಸಿಕ್ಕಿಕೊಂಡ ಹಾಗಿದೆ. ಪಕ್ಕದ ಗುಡ್ಡ ಹತ್ತಲು 699 ಮೆಟ್ಟಿಲು. ಹೆಸರು ಜೇಕಬ್ಸ್ ಲ್ಯಾಡರ್.

ಬ್ರಿಟನ್ನಿನ ಸಾಗರೋತ್ತರ ಪ್ರದೇಶ ಇದು. ಹಣ ಸೇಂಟ್ ಹೆಲೆನಾ ಪೌಂಡ್, ಬ್ರಿಟಿಷ್ ಪೌಂಡಿಗೆ ಸರಿಸಮ. ಅಂದರೆ ನಾಣ್ಯದ ಬೆಲೆ ಇಳಿಸಿ ರಫ್ತು ಹೆಚ್ಚಿಸೋಣ ಅನ್ನುವ ದಾರಿ ಇಲ್ಲಿಲ್ಲ. ಇದ್ದರೂ ರಫ್ತು ಮಾಡಲು ಹೆಚ್ಚೇನಿಲ್ಲ ಬಿಡಿ. ಒಂದಿಷ್ಟು ಮೀನು, ಒಂದಿಷ್ಟು ಕಾಫಿ. ಕಾಫಿ ಬೀಜ 1733ರಲ್ಲಿ ಯೆಮನ್‌ನಿಂದ ಬಂತು. ನಮ್ಮ ಚಿಕ್ಕಮಗಳೂರಿಗೆ ಬಾಬಾ ಬುಡನ್ ತಂದರು ಅನ್ನುವ ಬೀಜದ ಊರೂ ಅದೇ. ಈ ದ್ವೀಪದಲ್ಲಿ ಬೆಳೆಯುವುದು ಚಮಚದಲ್ಲಿ ಅಳೆಯುವಷ್ಟು, ಬೆಲೆ ಮಾತ್ರ ಆಕಾಶಕ್ಕೆ. ಉಳಿದಂತೆ ಗೋಧಿ ಹಿಟ್ಟಿನಿಂದ ಕಾರಿನ ಟೈರಿನ ತನಕ ಎಲ್ಲಾ ಹಡಗಿನಲ್ಲಿ ಬರಬೇಕು. ಹಡಗು ತಡವಾದರೆ ಅಂಗಡಿಯಲ್ಲಿ ಆಲೂಗಡ್ಡೆ ಖಾಲಿ.

ಆಡು ಹೆಚ್ಚೋ, ಎಬೊನಿ ಹೆಚ್ಚೋ

ಮನುಷ್ಯರು ಬರುವ ಮೊದಲು ದ್ವೀಪದ ಬಹುಭಾಗ ಕಾಡಿತ್ತು. ಪೋರ್ಚುಗೀಸರು 16ನೇ ಶತಮಾನದ ಆರಂಭದಲ್ಲೇ ಆಡುಗಳನ್ನು ತಂದು ಬಿಟ್ಟರು. ಲೆಕ್ಕ ಸರಳವಾಗಿತ್ತು. ಮುಂದಿನ ಸಲ ಹಡಗು ಬಂದಾಗ ತಾಜಾ ಮಾಂಸ ಸಿಗಬೇಕು. ತಿನ್ನುವವರು ಯಾರೂ ಇಲ್ಲದ ನೆಲದಲ್ಲಿ ಆಡುಗಳು ಹಿಂಡುಗಟ್ಟಿದವು. ದೊಡ್ಡ ಮರವನ್ನು ಆಡು ಕೊಲ್ಲುವುದಿಲ್ಲ. ಅದು ತಿನ್ನುವುದು ಸಸಿಯನ್ನು. ಹಾಗಾಗಿ ನೂರು ವರ್ಷ ಕಾಡು ಇದ್ದ ಹಾಗೇ ಕಂಡಿತು. ಹಳೆಯ ಮರಗಳು ಒಂದೊಂದಾಗಿ ಬಿದ್ದಾಗ ಅವುಗಳ ಜಾಗಕ್ಕೆ ಬರಲು ಮರಿ ಮರಗಳೇ ಇರಲಿಲ್ಲ.

1659ರಿಂದ ದ್ವೀಪ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. 1709ರಲ್ಲಿ ಅಲ್ಲಿನ ಗವರ್ನರ್ ಲಂಡನ್ನಿನ ನಿರ್ದೇಶಕರಿಗೆ ಒಂದು ವರದಿ ಕಳಿಸಿದ. ಮರ ಬೇಗ ಬೇಗ ಮುಗಿಯುತ್ತಿದೆ, ಬರ ಕಾಡುತ್ತಿದೆ, ಎಬೊನಿ ಮರ ಉಳಿಯಬೇಕಾದರೆ ಆಡುಗಳನ್ನು ಕೊಲ್ಲಬೇಕು ಅಂತ. ಲಂಡನ್ನಿನಿಂದ ಉತ್ತರ ಬಂತು: ಆಡುಗಳನ್ನು ಕೊಲ್ಲಕೂಡದು, ಎಬೊನಿಗಿಂತ ಆಡಿಗೆ ಬೆಲೆ ಜಾಸ್ತಿ.

ಈ ಒಂದು ಸಾಲು ಓದಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ. ಅದು ಮೂರ್ಖರ ಉತ್ತರವಲ್ಲ. ಕಂಪನಿಯ ಪುಸ್ತಕದಲ್ಲಿ ಆಡಿಗೆ ಒಂದು ಕಾಲಂ ಇತ್ತು, ಎಬೊನಿಗೂ ಒಂದು ಕಾಲಂ ಇತ್ತು. ಬರಕ್ಕೆ ಕಾಲಂ ಇರಲಿಲ್ಲ. ಗವರ್ನರ್ ಮರ ಮತ್ತು ಮಳೆ ಎರಡನ್ನೂ ಒಂದೇ ಉಸಿರಲ್ಲಿ ಬರೆದಿದ್ದ. ಓದಿದವರು ಮರದ ಬೆಲೆಯನ್ನಷ್ಟೇ ತೂಗಿದರು.

ಅಂದ ಹಾಗೆ ಈ ಎಬೊನಿ ನಮ್ಮ ಕರಿಮರದ ಜಾತಿಯಲ್ಲ. ಮರ ಕಪ್ಪಗೆ ಗಟ್ಟಿ ಅಂತ ಆ ಹೆಸರು ಬಂತು. ನೆಂಟಸ್ತಿಕೆ ದಾಸವಾಳದ ಕಡೆ, ಬಿಳಿ ಹೂ ಬಿಡುತ್ತದೆ. ಮುಂದೆ ಅದರ ಕುರುಹೇ ಇಲ್ಲದಾಯಿತು. ನಿರ್ನಾಮವಾಯಿತು ಅಂತಲೇ ಎಲ್ಲರೂ ಅಂದುಕೊಂಡರು. 1980ರಲ್ಲಿ ದ್ವೀಪದವರೇ ಆದ ಜಾರ್ಜ್ ಬೆಂಜಮಿನ್ ಒಂದು ಕಡಿದಾದ ಬಂಡೆಯ ಮೈಯಲ್ಲಿ ಎರಡು ಪೊದೆ ಕಂಡರು. ಆಡು ಕಾಲಿಡಲಾಗದ ಜಾಗ. ಹಗ್ಗ ಹಿಡಿದು ಇಳಿದು ಕಡ್ಡಿ ಕಿತ್ತು ತರಲಾಯಿತು. ಇವತ್ತು ದ್ವೀಪದಲ್ಲಿರುವ ಸಾವಿರಾರು ಎಬೊನಿ ಗಿಡಗಳು ಆ ಎರಡು ಪೊದೆಗಳ ಸಂತಾನ. ಸೇಂಟ್ ಹೆಲೆನಾದ ಆಲಿವ್ ಮರಕ್ಕೆ ಆ ಅದೃಷ್ಟ ಇರಲಿಲ್ಲ. ಕಾಡಿನಲ್ಲಿದ್ದ ಕೊನೆಯ ಮರ 1994ರಲ್ಲಿ ಸತ್ತಿತು. ಬೆಳೆಸಿ ಉಳಿಸಿಕೊಂಡಿದ್ದ ಕೊನೆಯದು 2003ರಲ್ಲಿ ಹೋಯಿತು.

ಹಡಗುಗಳು ದಾರಿ ಬದಲಿಸಿದಾಗ

ಭಾರತದಿಂದ ಇಂಗ್ಲೆಂಡಿಗೆ ಹೋಗುವ ಹಾಯಿಹಡಗುಗಳಿಗೆ ಈ ದ್ವೀಪ ಒಂದು ತಂಗುದಾಣ. ನೀರು, ಮಾಂಸ, ತರಕಾರಿ ತುಂಬಿಸಿಕೊಂಡು ಹೊರಡುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ 1805ರಲ್ಲಿ ಊರಿಗೆ ಮರಳುವಾಗ ಇಲ್ಲಿ ತಂಗಿದ. ಉಳಿದುಕೊಂಡದ್ದು 'ಬ್ರಯರ್ಸ್' ಎಂಬ ಮನೆಯಲ್ಲಿ. ಹತ್ತು ವರ್ಷದ ನಂತರ ವಾಟರ್‌ಲೂನಲ್ಲಿ ಅವನ ಕೈಲಿ ಸೋತ ನೆಪೋಲಿಯನ್‌ನನ್ನು ಇದೇ ದ್ವೀಪಕ್ಕೆ ತಂದು, ಮೊದಲ ಎರಡು ತಿಂಗಳು ಅದೇ ಬ್ರಯರ್ಸ್‌ನಲ್ಲಿ ಇಟ್ಟರು.

ನೆಪೋಲಿಯನ್ ಇದ್ದ ಐದೂವರೆ ವರ್ಷ ದ್ವೀಪಕ್ಕೆ ಸುಗ್ಗಿ. ಅವನನ್ನು ಕಾಯಲು ಬಂದ ಸೈನ್ಯವೇ ಎರಡು ಸಾವಿರ ದಾಟಿತ್ತು. 1821ರಲ್ಲಿ ಅವನು ಸತ್ತ. ಸೈನ್ಯ ಹೋಯಿತು, ವ್ಯಾಪಾರವೂ ಹೋಯಿತು. ಆಮೇಲೂ ಯಾರನ್ನಾದರೂ ದೂರ ಇಡಬೇಕು ಅನ್ನಿಸಿದಾಗ ಬ್ರಿಟನ್ನಿಗೆ ಈ ದ್ವೀಪ ನೆನಪಾಗುತ್ತಿತ್ತು. 1890ರಲ್ಲಿ ಜುಲು ದೊರೆ ದಿನುಜುಲು, 1900ರಿಂದ ಸುಮಾರು ಆರು ಸಾವಿರ ಬೋಯರ್ ಕೈದಿಗಳು, 1957ರಲ್ಲಿ ಬಹ್ರೇನಿನ ಮೂವರು ರಾಜಕೀಯ ಕೈದಿಗಳು. ತೀರಾ ಈಚೆಗೆ, 2024ರ ಅಕ್ಟೋಬರ್‌ನಲ್ಲಿ, ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಿಗೆ ದೋಣಿಯಲ್ಲಿ ಬರುವ ಆಶ್ರಯ ಬೇಡುವವರನ್ನು ಇಲ್ಲಿಗೆ ಕಳಿಸುವ ಒಪ್ಪಂದ ಆಯಿತು. ಬದಲಿಗೆ ದ್ವೀಪಕ್ಕೆ 66.5 ಲಕ್ಷ ಪೌಂಡ್. ದೂರ ಇರುವುದೇ ಇಲ್ಲಿನ ಹಳೆಯ ಸರಕು.

ದೊಡ್ಡ ಏಟು ಕೊಟ್ಟದ್ದು 1869ರ ಸೂಯೆಜ್ ಕಾಲುವೆ. ಆವಿ ಹಡಗು ಬಂದಿದ್ದವು, ಅವಕ್ಕೆ ನಡುದಾರಿಯಲ್ಲಿ ನಿಲ್ಲುವ ಅಗತ್ಯ ಕಡಿಮೆ. ಈಗ ಆಫ್ರಿಕಾ ಸುತ್ತುವ ಅಗತ್ಯವೂ ತಪ್ಪಿತು. 1855ರಲ್ಲಿ 1,100 ಹಡಗು ಬಂದಿದ್ದವು. 1889ರಲ್ಲಿ ಬಂದದ್ದು 288. ದ್ವೀಪದವರು ಏನೂ ತಪ್ಪು ಮಾಡಿರಲಿಲ್ಲ. ಈಜಿಪ್ಟಿನಲ್ಲಿ ಯಾರೋ ಅಗೆದರು, ಇಲ್ಲಿ ಅಂಗಡಿ ಮುಚ್ಚಿತು.

ಒಂದು ಸುತಳಿಯ ಕಥೆ

ಈಗ ಬರುವುದು ನನಗೆ ಈ ಪ್ರಕರಣದಲ್ಲೇ ಅತಿ ಮುಖ್ಯ ಅನ್ನಿಸುವ ಭಾಗ.

ಹಡಗು ಹೋದ ಮೇಲೆ ಇನ್ನೊಂದು ದುಡಿಮೆ ಬೇಕಿತ್ತು. ನ್ಯೂಜಿಲೆಂಡ್ ಫ್ಲ್ಯಾಕ್ಸ್ ಎಂಬ ಗಿಡವನ್ನು ಆರಿಸಿಕೊಂಡರು. ಕತ್ತಿಯಂಥ ಉದ್ದನೆಯ ಎಲೆ, ನಮ್ಮ ಕತ್ತಾಳೆಯ ಹಾಗೆ ನಾರು ಕೊಡುತ್ತದೆ. 1870ರ ದಶಕದ ಮೊದಲ ಯತ್ನ ಕೈಕೊಟ್ಟಿತು. 1907ರಲ್ಲಿ ಸರ್ಕಾರವೇ ಗಿರಣಿ ಹಾಕಿತು. ಎರಡು ಮಹಾಯುದ್ಧಗಳಲ್ಲಿ ಹಗ್ಗ, ಹುರಿಗೆ ಬೇಡಿಕೆ ಏರಿತು. ದ್ವೀಪದ ನಡುವಿನ ತಂಪಾದ ಗುಡ್ಡಗಳೆಲ್ಲ ಫ್ಲ್ಯಾಕ್ಸ್ ಆದವು. 3 ಸಾವಿರ ಎಕರೆಗೂ ಮೀರಿ ನೆಟ್ಟರು. ಎಲೆ ಕೊಯ್ಯುವವರು, ಕತ್ತೆಯ ಮೇಲೆ ಹೊರೆ ಸಾಗಿಸುವವರು, ಗಿರಣಿಯಲ್ಲಿ ಎಲೆ ಸಿಗಿಯುವವರು, ನಾರು ತೊಳೆದು ಒಣಗಿಸುವವರು. ಒಂದು ಇಡೀ ತಲೆಮಾರು ಇದರಲ್ಲೇ ಬದುಕಿತು. ಕೊರಿಯಾ ಯುದ್ಧದ ಹೊತ್ತಿಗೆ, 1951ರಲ್ಲಿ, ನಾರಿನ ಬೆಲೆ ಎಷ್ಟು ಏರಿತೆಂದರೆ ದ್ವೀಪದ ರಫ್ತು ಆಮದನ್ನು ಮೀರಿತು. ಅಂಥ ವರ್ಷ ಮತ್ತೆ ಬರಲಿಲ್ಲ.

ಈ ನಾರಿನ ದೊಡ್ಡ ಗಿರಾಕಿ ಬ್ರಿಟನ್ನಿನ ಅಂಚೆ ಇಲಾಖೆ. ಕಾಗದದ ಕಟ್ಟು ಬಿಗಿಯುವ ಸುತಳಿ ಇದರಿಂದಲೇ ಆಗುತ್ತಿತ್ತು. 1960ರ ದಶಕದಲ್ಲಿ ಇಲಾಖೆ ಸಿಂಥೆಟಿಕ್ ದಾರಕ್ಕೆ ಬದಲಾಯಿತು. ಅಗ್ಗ, ಗಟ್ಟಿ, ಕೊಳೆಯುವುದಿಲ್ಲ. 1966ರ ಹೊತ್ತಿಗೆ ಗಿರಣಿಗಳು ಮುಚ್ಚಿದವು. ಅರುವತ್ತು ವರ್ಷದ ಉದ್ಯಮ ಹಾಗೆ ಮುಗಿಯಿತು.

ಗಿರಣಿ ನಿಂತಿತು, ಗಿಡ ನಿಲ್ಲಲಿಲ್ಲ. ಕೊಯ್ಯುವವರಿಲ್ಲದ ಫ್ಲ್ಯಾಕ್ಸ್ ಇನ್ನೂ ದಟ್ಟವಾಗಿ ಗುಡ್ಡ ಏರಿತು. ಅದು ಏರಿದ ಜಾಗ ಸಾಮಾನ್ಯದ್ದಲ್ಲ. ಡಯಾನಾಸ್ ಪೀಕ್ ಸುತ್ತಮುತ್ತ, 800 ಮೀಟರ್ ಎತ್ತರದ ಏಣಿನ ಮೇಲೆ, ದ್ವೀಪದ ಮೋಡದ ಕಾಡಿದೆ. ಮರಜರಿಗಳು, 'ಕ್ಯಾಬೇಜ್ ಮರ' ಅಂತ ಕರೆಯುವ ಗಿಡ್ಡ ಮರಗಳು. ಬೇರೆಲ್ಲೂ ಇಲ್ಲದ 500ಕ್ಕೂ ಹೆಚ್ಚು ಜೀವಜಾತಿಗಳು ಈ ಪುಟ್ಟ ದ್ವೀಪದಲ್ಲಿವೆ. ಬ್ರಿಟನ್ ಮತ್ತು ಅದರ ಎಲ್ಲಾ ಸಾಗರೋತ್ತರ ಪ್ರದೇಶ ಸೇರಿಸಿದರೂ, ಹೀಗೆ ಒಂದೇ ಕಡೆ ಸಿಗುವ ಜೀವಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇಲ್ಲಿನವು. ಅವುಗಳಲ್ಲಿ ಬಹಳಷ್ಟಕ್ಕೆ ಮನೆ ಆ ಏಣು.

ಹಾಗಾದರೆ 1907ರಲ್ಲಿ ಫ್ಲ್ಯಾಕ್ಸ್ ನೆಟ್ಟದ್ದು ತಪ್ಪಾ? ಆಗಿನ ಜನರ ಹೊಟ್ಟೆ ನೋಡಿದರೆ ಹಾಗೆ ಅನ್ನಲಾರೆ. ಆದರೆ ಗುಡ್ಡದ ತಲೆಯ ತನಕ ನೆಡುವ ಅಗತ್ಯ ಇತ್ತಾ ಅನ್ನುವ ಪ್ರಶ್ನೆ ಉಳಿಯುತ್ತದೆ. ಗಿರಾಕಿ ಒಬ್ಬನೇ ಇದ್ದಾಗ ಅವನು ಕೈಬಿಟ್ಟ ದಿನ ಬೆಳೆಯನ್ನು ಕೀಳುವ ಖರ್ಚು ಯಾರದು ಅಂತ ಯಾರೂ ಕೇಳಲಿಲ್ಲ. ಗಣಿಗೆ ಈಗ ಆ ಪ್ರಶ್ನೆ ಕೇಳುತ್ತಾರೆ. ತೋಟಕ್ಕೆ ಇನ್ನೂ ಕೇಳುವುದಿಲ್ಲ.

ಹೊರಗಿನಿಂದ ತಂದದ್ದು ಫ್ಲ್ಯಾಕ್ಸ್ ಒಂದೇ ಅಲ್ಲ. ದನದ ಮೈಯ ಉಣ್ಣೆ ಹುಳ ತಿನ್ನಲಿ ಅಂತ 1885ರಲ್ಲಿ ಮೈನಾ ತಂದು ಬಿಟ್ಟರು. ನಮ್ಮಲ್ಲಿ ಹೊಲದಲ್ಲಿ ಎತ್ತಿನ ಹಿಂದೆ ನಡೆಯುವ ಅದೇ ಗೊರವಂಕ. ನಮ್ಮ ಕಣ್ಣಿಗೆ ಅದು ಪಾಪದ ಹಕ್ಕಿ. ದ್ವೀಪದಲ್ಲಿ ಮಾತ್ರ ಅದು, ನೆಲದ ಮೇಲೆ ಮೊಟ್ಟೆ ಇಡುವ ಸ್ಥಳೀಯ ವೈರ್‌ಬರ್ಡ್ ಹಕ್ಕಿಗೆ ಕಾಟ ಕೊಡುವವರ ಪಟ್ಟಿಯಲ್ಲಿದೆ.

ಪಾಸ್‌ಪೋರ್ಟ್ ಬಂತು, ಜನ ಹೋದರು

ನಾರು ಹೋದ ಮೇಲೆ ದ್ವೀಪ ಎರಡು ಮೂಲಗಳಿಂದ ಉಸಿರಾಡಿತು. ಒಂದು ಬ್ರಿಟನ್ ಕೊಡುವ ನೆರವು. ಇನ್ನೊಂದು ಅಸೆನ್ಷನ್ ಮತ್ತು ಫಾಕ್‌ಲ್ಯಾಂಡ್ಸ್‌ನ ಸೇನಾ ನೆಲೆಗಳಿಗೆ ದುಡಿಯಲು ಹೋದವರು ಮನೆಗೆ ಕಳಿಸುವ ಹಣ. 1981ರ ಪೌರತ್ವ ಕಾನೂನು ಸೇಂಟ್‌ಗಳಿಗೆ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಕೊಟ್ಟಿರಲಿಲ್ಲ. 2002ರಲ್ಲಿ ಪೂರ್ಣ ಪೌರತ್ವ ಮರಳಿತು. ನ್ಯಾಯವಾದದ್ದೇ. ಆದರೆ ಆದದ್ದೇನು? 1998ರಲ್ಲಿ 5 ಸಾವಿರ ದಾಟಿದ್ದ ಜನಸಂಖ್ಯೆ 2008ಕ್ಕೆ 4,250ರ ಆಸುಪಾಸಿಗೆ ಇಳಿಯಿತು. ಹೋದವರು ದುಡಿಯುವ ವಯಸ್ಸಿನವರು. ಉಳಿದವರು ಅಜ್ಜ ಅಜ್ಜಿ, ಮಕ್ಕಳು. ಇವತ್ತು ನಾಲ್ವರಲ್ಲಿ ಒಬ್ಬರು 65 ದಾಟಿದವರು. ಶಾಲೆಗೆ ಮೇಷ್ಟ್ರು, ಆಸ್ಪತ್ರೆಗೆ ಡಾಕ್ಟರ್ ಹೊರಗಿನಿಂದ ಬರಬೇಕು, ಹೊರಗಿನ ಸಂಬಳದಲ್ಲಿ. ಪಕ್ಕದಲ್ಲೇ ಕೂತ ಸ್ಥಳೀಯ ನೌಕರನಿಗೆ ಅದರ ಸ್ವಲ್ಪ ಭಾಗ. ಊರಿನ ಮುನಿಸಿನಲ್ಲಿ ಇದಕ್ಕೆ ದೊಡ್ಡ ಪಾಲು.

ಹೋಗಿ ಬರಲು ಇದ್ದದ್ದು ಒಂದೇ ಹಡಗು, ಆರ್‌ಎಂಎಸ್ ಸೇಂಟ್ ಹೆಲೆನಾ. 1990ರಿಂದ ಓಡುತ್ತಿತ್ತು. ಕೇಪ್‌ಟೌನ್‌ನಿಂದ ಐದು ದಿನದ ಪಯಣ, ಮೂರು ವಾರಕ್ಕೊಮ್ಮೆ. 150ಕ್ಕೂ ಸ್ವಲ್ಪ ಜಾಸ್ತಿ ಪ್ರಯಾಣಿಕರು, ಜೊತೆಗೆ ಇಡೀ ದ್ವೀಪದ ದಿನಸಿ. 1999ರ ನವೆಂಬರ್‌ನಲ್ಲಿ ಅದು ಕೆಟ್ಟು ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ ರಿಪೇರಿಗೆ ನಿಂತಿತು. ದ್ವೀಪದಲ್ಲಿದ್ದವರು ದ್ವೀಪದಲ್ಲೇ ಸಿಕ್ಕಿಬಿದ್ದರು. ವಿಮಾನ ಬೇಕು ಅನ್ನುವ ಕೂಗು ಗಟ್ಟಿಯಾದದ್ದು ಆಗ.

ಬಂಡೆಯ ಮೇಲಿನ ಗಾಳಿ

2005ರಲ್ಲಿ ನಿಲ್ದಾಣದ ಘೋಷಣೆ ಆಯಿತು. 2008ರ ಡಿಸೆಂಬರ್‌ನಲ್ಲಿ, ಜಗತ್ತಿನ ಹಣಕಾಸು ಕುಸಿದಾಗ, ತಡೆ ಬಿತ್ತು. 2010ರಲ್ಲಿ ಹೊಸ ಸರ್ಕಾರ ಮತ್ತೆ ಎತ್ತಿಕೊಂಡಿತು. 2011ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಕಂಪನಿಯೊಂದಿಗೆ ಗುತ್ತಿಗೆ.

ಕಾಗದದ ಮೇಲಿನ ತರ್ಕ ಚೆನ್ನಾಗಿತ್ತು. ವರ್ಷಕ್ಕೆ ಕೋಟಿಗಟ್ಟಲೆ ಪೌಂಡ್ ನೆರವು ಕೊಡುತ್ತಲೇ ಇರುವ ಬದಲು, ಒಂದು ಸಲ ದೊಡ್ಡ ಮೊತ್ತ ಹಾಕೋಣ. ಪ್ರವಾಸಿಗರು ಬರುತ್ತಾರೆ. ಮುಂದೆ ವರ್ಷಕ್ಕೆ ಸುಮಾರು 30 ಸಾವಿರ ಮಂದಿ. ದ್ವೀಪ ತನ್ನ ಕಾಲ ಮೇಲೆ ನಿಲ್ಲುತ್ತದೆ. ದ್ವೀಪದ ಒಬ್ಬೊಬ್ಬರ ತಲೆಗೆ ಲೆಕ್ಕ ಹಾಕಿದರೆ ಖರ್ಚು 60 ಸಾವಿರ ಪೌಂಡ್‌ಗೂ ಜಾಸ್ತಿ.

ದ್ವೀಪದಲ್ಲಿ ಸಪಾಟು ಜಾಗ ಅಂತ ಇದ್ದದ್ದು ಒಂದೇ, ಪೂರ್ವ ದಂಡೆಯ ಪ್ರಾಸ್ಪರಸ್ ಬೇ ಬಯಲು. ಅಲ್ಲೂ ರನ್‌ವೇಗೆ ಉದ್ದ ಸಾಲಲಿಲ್ಲ. ಪಕ್ಕದ 'ಡ್ರೈ ಗಟ್' ಎಂಬ ಕಂದಕವನ್ನೇ ತುಂಬಿಸಬೇಕಾಯಿತು. ಸುಮಾರು 80 ಲಕ್ಷ ಘನ ಮೀಟರ್ ಕಲ್ಲು, 100 ಮೀಟರ್ ಎತ್ತರಕ್ಕೆ. ಅದಕ್ಕೂ ಮೊದಲು ಯಂತ್ರ ಇಳಿಸಲು ದಡವಿಲ್ಲ. ಶತಮಾನಗಳಿಂದ ಹಡಗು ದೂರ ನಿಂತು, ಸಾಮಾನು ದೋಣಿಯಲ್ಲಿ ಬರುತ್ತಿತ್ತು. 2012ರಲ್ಲಿ ರೂಪರ್ಟ್ಸ್ ಕೊಲ್ಲಿಯಲ್ಲಿ ಮೊದಲ ಬಾರಿಗೆ ಒಂದು ಹಡಗು ದಡಕ್ಕೇ ತಾಗಿ ನಿಂತಿತು. ಅಲ್ಲಿಂದ ಬಯಲಿಗೆ 14 ಕಿ.ಮೀ. ರಸ್ತೆ ಕಡಿದರು.

ಆ ರಸ್ತೆಯ ಬುಡದಲ್ಲಿ ಇನ್ನೊಂದು ಲೆಕ್ಕ ಹೂತಿತ್ತು. 19ನೇ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆ ಗುಲಾಮರ ಹಡಗುಗಳನ್ನು ಹಿಡಿದು, ಬಿಡಿಸಿದ ಆಫ್ರಿಕನ್ನರನ್ನು ಇಲ್ಲಿ ಇಳಿಸುತ್ತಿತ್ತು. 25 ಸಾವಿರದಷ್ಟು ಮಂದಿ ಬಂದರು. ರೋಗ, ಹಸಿವಿನಿಂದ ಸತ್ತ ಸುಮಾರು 8 ಸಾವಿರ ಮಂದಿಯನ್ನು ರೂಪರ್ಟ್ಸ್ ಕಣಿವೆಯಲ್ಲೇ ಮಣ್ಣು ಮಾಡಿದರು. 2008ರಲ್ಲಿ ರಸ್ತೆಗಾಗಿ ಅಗೆದಾಗ 325 ಮಂದಿಯ ಅಸ್ಥಿ ಹೊರಗೆ ಬಂತು. ಅವು ಪೆಟ್ಟಿಗೆಗಳಲ್ಲಿ ಕಾದವು. ಮತ್ತೆ ಮಣ್ಣಿಗೆ ಸೇರಿದ್ದು 2022ರಲ್ಲಿ.

ಗಾಳಿಯ ವಿಷಯಕ್ಕೆ ಬರೋಣ. ಇಲ್ಲಿ ವರ್ಷವಿಡೀ ಆಗ್ನೇಯದಿಂದ ವಾಣಿಜ್ಯ ಮಾರುತ ಬೀಸುತ್ತದೆ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯಬೇಕು. ಅಂದರೆ ಇಲ್ಲಿ ಉತ್ತರದಿಂದ ಬರಬೇಕು. ಆದರೆ ಉತ್ತರದ ತುದಿಯಲ್ಲಿ ನೆಲ ಒಮ್ಮೆಲೇ 300 ಮೀಟರ್ ಸಮುದ್ರಕ್ಕೆ ಬೀಳುತ್ತದೆ, ಸುತ್ತ ಚೂಪು ಬಂಡೆಗಳು. ಗಾಳಿ ಅವಕ್ಕೆ ಬಡಿದು ಸುಳಿಯಾಗುತ್ತದೆ. ಕೆಲವೇ ಮಾರು ಅಂತರದಲ್ಲಿ ವೇಗ, ದಿಕ್ಕು ಎರಡೂ ಬದಲು. ವಿಮಾನದವರ ಮಾತಿನಲ್ಲಿ ಇದು ವಿಂಡ್ ಶಿಯರ್.

ಇದು ಯಾರಿಗೂ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. 1836ರ ಜುಲೈನಲ್ಲಿ ಚಾರ್ಲ್ಸ್ ಡಾರ್ವಿನ್ ಈ ದ್ವೀಪದಲ್ಲಿ ಕೆಲವು ದಿನ ಅಲೆದಾಡಿದ. ಒಂದು ದಿನ ಬಯಲಿನ ಅಂಚಿನಲ್ಲಿ, ಸಾವಿರ ಅಡಿ ಆಳದ ಬಂಡೆಯ ತುದಿಗೆ ನಿಂತಿದ್ದ. ಅವನು ನಿಂತಲ್ಲಿ ಗಾಳಿ ಅಲುಗಾಡುತ್ತಿರಲಿಲ್ಲ. ಕೆಲವೇ ಗಜ ಆಚೆ ಕಡಲಹಕ್ಕಿಗಳು ಜೋರು ಗಾಳಿಗೆ ಎದುರಾಗಿ ರೆಕ್ಕೆ ಬಡಿಯಲು ಒದ್ದಾಡುತ್ತಿದ್ದವು. ಇದೇನು ವಿಚಿತ್ರ ಅಂತ ಅವನು ಬರೆದಿಟ್ಟ. ಗುತ್ತಿಗೆಗೆ ಸಹಿ ಬೀಳುವ 175 ವರ್ಷ ಮೊದಲು.

2016ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕಟುವಾಗಿಯೇ ಬರೆಯಿತು. ಗಾಳಿಯ ಅಪಾಯವನ್ನು ಸರಿಯಾಗಿ ನೋಡಲಿಲ್ಲ ಅಂತ. ನನ್ನ ಅನುಮಾನ ಇಷ್ಟೆ: ಇಂಥ ಯೋಜನೆಯಲ್ಲಿ ಕಲ್ಲು ಎಷ್ಟು, ಸಿಮೆಂಟ್ ಎಷ್ಟು ಅಂತ ಅಳೆಯುವವರು ನೂರಾರು ಮಂದಿ ಇರುತ್ತಾರೆ. 'ಯಾವ ವಿಮಾನ ಕಂಪನಿ, ಯಾವ ವಿಮಾನ, ಯಾವ ದಿಕ್ಕಿನಿಂದ' ಅಂತ ಕೇಳಬೇಕಾದವರು ಕೊನೆಗೆ ಬರುತ್ತಾರೆ.

ಈ ನಡುವೆ 2017ರಲ್ಲಿ ಹಳೆಯ ಹಡಗಿನ ಪ್ರೊಪೆಲ್ಲರ್ ಕೂಡ ಕೈಕೊಟ್ಟಿತು. ವಿಮಾನ ಇಲ್ಲ, ಹಡಗೂ ಇಲ್ಲ.

ಪರಿಹಾರ ಸಿಕ್ಕಿದ್ದು ಚಿಕ್ಕ ವಿಮಾನದಲ್ಲಿ. ದಕ್ಷಿಣ ಆಫ್ರಿಕಾದ ಏರ್‌ಲಿಂಕ್ ಕಂಪನಿಯ ಎಂಬ್ರೇರ್ 190. ಇದು ದಕ್ಷಿಣದಿಂದ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿಯಬಲ್ಲದು. ಆದರೆ ಹಾಗೆ ಇಳಿದು ನಿಲ್ಲಬೇಕಾದರೆ ಭಾರ ಕಡಿಮೆ ಇರಬೇಕು. ಹಾಗಾಗಿ ನೂರರ ಹತ್ತಿರ ಸೀಟಿದ್ದರೂ 76 ಮಂದಿಯನ್ನಷ್ಟೇ ಹತ್ತಿಸಿಕೊಂಡರು. 2017ರ ಅಕ್ಟೋಬರ್ 14ರಂದು ಜೋಹಾನ್ಸ್‌ಬರ್ಗ್‌ನಿಂದ ಮೊದಲ ವಿಮಾನ ಬಂತು. ವಾರಕ್ಕೊಂದು, ಶನಿವಾರ. 2018ರ ಫೆಬ್ರವರಿಯಲ್ಲಿ ಆರ್‌ಎಂಎಸ್ ಕೊನೆಯ ಸಲ ಲಂಗರು ಎತ್ತಿತು. ಅದು ಆಮೇಲೆ ಎಲೆಕ್ಟ್ರಿಕ್ ಕಾರ್ ರೇಸಿನ ತಂಡವನ್ನು ಹೊತ್ತು ಜಗತ್ತು ಸುತ್ತಿತು ಅನ್ನೋದು ಬೇರೆ ಮಾತು.

ನಿಲ್ದಾಣ ನಿರುಪಯೋಗಿ ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಮೊದಲು ತೀರಾ ಹುಷಾರಿಲ್ಲದವರು ಹಡಗಿಗೆ ಕಾಯಬೇಕು, ಆಮೇಲೆ ಐದು ದಿನ ಸಮುದ್ರದಲ್ಲಿ. 2016ರ ಜೂನ್‌ನಲ್ಲಿ, ಅಂದರೆ ಪ್ರಯಾಣಿಕರ ವಿಮಾನ ಶುರುವಾಗುವ ಮೊದಲೇ, ರೋಗಿಯನ್ನು ಸಾಗಿಸಲು ಪುಟ್ಟ ವಿಮಾನ ಇಳಿದು ಹೋಯಿತು. ಅದನ್ನು ಪ್ರವಾಸಿಗರ ಸಂಖ್ಯೆಯಲ್ಲಿ ಅಳೆಯುವುದು ಹೇಗೆ?

ಆದರೆ ಆರ್ಥಿಕ ಗುರಿ ಈಡೇರಿಲ್ಲ ಅನ್ನುವುದೂ ನಿಜ. ಪ್ರವಾಸಿಗರು ವರ್ಷಕ್ಕೆ ಕೆಲವೇ ಸಾವಿರ. ಬರುವ ವಿಮಾನವೇ ಅಷ್ಟು, ಸೀಟೇ ಅಷ್ಟು. ಅದರಲ್ಲೂ ರಜೆಗೆ ಊರಿಗೆ ಬರುವ ಸೇಂಟ್‌ಗಳೇ ಜಾಸ್ತಿ ಕಾಣುತ್ತಾರೆ. ಕೋವಿಡ್ ಬಂದಾಗ 2020ರಿಂದ 2022ರ ಆಗಸ್ಟ್ ತನಕ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಸೋಂಕನ್ನು ಊರೊಳಗೆ ಬಿಡಲಿಲ್ಲ, ಬೆಲೆ ಪ್ರವಾಸೋದ್ಯಮ ತೆತ್ತಿತು. ಬ್ರಿಟನ್ನಿನ ನೆರವು ಈಗಲೂ ವರ್ಷಕ್ಕೆ ಸುಮಾರು 3 ಕೋಟಿ ಪೌಂಡ್. ನಿಲ್ಲಿಸಬೇಕಾಗಿದ್ದ ನಲ್ಲಿ ಹಾಗೇ ಸುರಿಯುತ್ತಿದೆ.

ಬಯಲಿನ ಪ್ರಾಣಿಗಳಿಗೂ ಒಂದು ಲೆಕ್ಕ ಇತ್ತು. ಪ್ರಾಸ್ಪರಸ್ ಬೇ ಒಣ ಬಯಲು. ನೋಡಿದರೆ ಬರೀ ಧೂಳು. ಆ ಧೂಳಲ್ಲಿ ಬಿಲ ತೋಡುವ ಜೇಡವೊಂದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ವೈರ್‌ಬರ್ಡ್ ಕೂಡ ಅಂಥ ಬಯಲುಗಳದ್ದೇ, ತಂತಿಯಂಥ ಸಣ್ಣ ಕಾಲಿನ ನೆಲದ ಹಕ್ಕಿ. ಅದಕ್ಕೆ ಬದಲಿ ಹುಲ್ಲುಗಾವಲು ಸರಿಪಡಿಸಿದರು, ಕಾಡುಬೆಕ್ಕುಗಳನ್ನು ಹಿಡಿದರು. 2016ರಲ್ಲಿ ಆ ಹಕ್ಕಿಯನ್ನು ಅಳಿವಿನ ತೀರಾ ಅಂಚಿನ ಪಟ್ಟಿಯಿಂದ ಕೆಳಗಿಳಿಸಿದರು. ನಿಲ್ದಾಣಕ್ಕೆ ಹಣ ಬರದಿದ್ದರೆ ಬೆಕ್ಕು ಹಿಡಿಯಲು ಹಣ ಬರುತ್ತಿತ್ತಾ ಅಂತ ಕೇಳಿದರೆ, ಬಹುಶಃ ಇಲ್ಲ. ಈ ಥರದ ಉತ್ತರಗಳು ನನಗೆ ಇಷ್ಟವಾಗುವುದಿಲ್ಲ, ಆದರೆ ಇರುವುದು ಹೀಗೆ.

ಇನ್ನೊಂದು ದಾರ

2015ರ ಸೆಪ್ಟೆಂಬರ್ ತನಕ ದ್ವೀಪದಲ್ಲಿ ಮೊಬೈಲ್ ಇರಲಿಲ್ಲ. ಇಂಟರ್ನೆಟ್ ಇದ್ದದ್ದು ಒಂದು ಉಪಗ್ರಹ ಡಿಶ್ ಮೇಲೆ, ನಿಧಾನ ಮತ್ತು ದುಬಾರಿ. ಪೋರ್ಚುಗಲ್‌ನಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗುವ ಗೂಗಲ್‌ನ ಇಕ್ವಿಯಾನೊ ಕೇಬಲ್‌ನ ಒಂದು ಕವಲು 2021ರಲ್ಲಿ ರೂಪರ್ಟ್ಸ್ ಕೊಲ್ಲಿಗೆ ಬಂತು. 2023ರ ಅಕ್ಟೋಬರ್‌ನಲ್ಲಿ ಸಂಪರ್ಕ ಶುರುವಾಯಿತು. ಮನೆಯಲ್ಲೇ ಕೂತು ಬೇರೆ ದೇಶಕ್ಕೆ ದುಡಿಯಬಹುದು, ಹೋದವರು ಮರಳಬಹುದು ಅನ್ನುವ ಆಸೆ ಇದೆ. ಗಾಳಿ ಅಡ್ಡ ಬರದ ಮೊದಲ ಸಂಪರ್ಕ ಇದು. ಆದರೆ ಇದೂ ಒಂದೇ ಎಳೆ, ಅಲ್ವಾ? ಕರೆಂಟಿನಲ್ಲಿ ಸುಮಾರು ಕಾಲು ಭಾಗ ಗಾಳಿಯಂತ್ರ ಮತ್ತು ಸೋಲಾರ್‌ನಿಂದ. ಉಳಿದದ್ದು ಹಡಗಿನಲ್ಲಿ ಬರುವ ಡೀಸೆಲ್.

ಮೀನಿನ ವಿಷಯದಲ್ಲಿ ಮಾತ್ರ ದ್ವೀಪ ಈ ಸಲ ಮೊದಲೇ ಎಚ್ಚೆತ್ತಿತು. 2016ರಲ್ಲಿ ಸುತ್ತಲಿನ 4.4 ಲಕ್ಷ ಚದರ ಕಿ.ಮೀ. ಸಮುದ್ರವನ್ನು ಸಂರಕ್ಷಿತ ಪ್ರದೇಶ ಮಾಡಿತು. ಟ್ಯೂನಾ ಹಿಡಿಯಬೇಕಾದರೆ ಗಾಳ ಹಾಕಿ ಒಂದೊಂದೇ ಎತ್ತಬೇಕು. ದೊಡ್ಡ ಬಲೆ ಹಡಗುಗಳಿಗೆ ಸಮುದ್ರ ಬಾಡಿಗೆಗೆ ಕೊಟ್ಟಿದ್ದರೆ ಕೈಗೆ ಜಾಸ್ತಿ ಕಾಸು ಬರುತ್ತಿತ್ತು. ಕೊಡಲಿಲ್ಲ. 2021ರ ಅಕ್ಟೋಬರ್‌ನಿಂದ ಮಂತ್ರಿಮಂಡಲದ ಆಡಳಿತ ಬಂದಿದೆ. ಜೂಲಿ ಥಾಮಸ್ ಮೊದಲ ಮುಖ್ಯಮಂತ್ರಿಯಾದರು. ನಿರ್ಧಾರದ ಒಂದಿಷ್ಟು ಭಾಗವಾದರೂ ಜೇಮ್ಸ್‌ಟೌನ್‌ನಲ್ಲೇ ಆಗುವ ಹಾಗಾಗಿದೆ.

ಮಂಜು ಹಿಡಿಯುವ ಮರಗಳು

1709ರ ಗವರ್ನರ್ ಬರೆದ ಬರ ಇನ್ನೂ ಇದೆ. ಕಳೆದ ದಶಕದಲ್ಲಿ ಮತ್ತೆ ಮತ್ತೆ ನೀರಿಗೆ ತತ್ವಾರ ಬಂತು. ದ್ವೀಪದ ನೀರಿನ ದೊಡ್ಡ ಪಾಲು ಹುಟ್ಟುವುದು ಆ ನಡುವಿನ ಏಣಿನಲ್ಲಿ. ಅಲ್ಲಿ ಮಳೆ ಬೀಳುವುದಷ್ಟೇ ಅಲ್ಲ, ಮೋಡ ತಾಗಿಕೊಂಡು ಹೋಗುತ್ತದೆ. ಮರಜರಿಯ ಗರಿ, ಕ್ಯಾಬೇಜ್ ಮರದ ಪಾಚಿ ಮೆತ್ತಿದ ಕೊಂಬೆ ಮಂಜನ್ನು ಹಿಡಿದು ಹನಿಹನಿಯಾಗಿ ನೆಲಕ್ಕೆ ಇಳಿಸುತ್ತವೆ. ಬುಡದ ಹೀರು ಮಣ್ಣು ಅದನ್ನು ಇಟ್ಟುಕೊಂಡು ತೊರೆಗೆ ಬಿಡುತ್ತದೆ. ಫ್ಲ್ಯಾಕ್ಸ್ ತಿಂದು ಹಾಕಿದ್ದು ಈ ಜಾಗವನ್ನು.

ಈಗ ದ್ವೀಪದ ಸರ್ಕಾರ, ಅಲ್ಲಿನ ನ್ಯಾಷನಲ್ ಟ್ರಸ್ಟ್, ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ಸೇರಿ ಮೋಡದ ಕಾಡನ್ನು ಮರಳಿ ಬೆಳೆಸುತ್ತಿದ್ದಾರೆ. ನೀರಿನ ಭದ್ರತೆ ಅನ್ನುವ ಹೆಸರಲ್ಲೇ ಅದಕ್ಕೆ ಬ್ರಿಟನ್ನಿನ ಹಣ ಸಿಕ್ಕಿದೆ. ಬರಕ್ಕೆ ಕೊನೆಗೂ ಒಂದು ಕಾಲಂ ಬಂತು ಅನ್ನಬಹುದು, ಮುನ್ನೂರು ವರ್ಷ ತಡವಾಗಿ.

ಕೆಲಸ ನಿಧಾನ. ಫ್ಲ್ಯಾಕ್ಸನ್ನು ಒಮ್ಮೆಲೇ ಕಿತ್ತರೆ ಇಳಿಜಾರಿನ ಮಣ್ಣೆಲ್ಲ ಕೊಚ್ಚಿ ಹೋಗುತ್ತದೆ. ಎಷ್ಟೇ ಕೆಟ್ಟದ್ದಾದರೂ ಈಗ ಗುಡ್ಡ ಹಿಡಿದು ನಿಂತಿರುವ ಬೇರು ಅದರದ್ದೇ. ಹಾಗಾಗಿ ಸ್ವಲ್ಪ ಸ್ವಲ್ಪವೇ ಕಡಿಯುತ್ತಾ, ತೆರವಾದ ಕಡೆ ನರ್ಸರಿಯ ಸಸಿ ನೆಡುತ್ತಾ ಮೇಲಕ್ಕೆ ಹೋಗಬೇಕು. ಅಂಚೆ ಇಲಾಖೆ ಸುತಳಿ ಬದಲಿಸಿ ಅರುವತ್ತು ವರ್ಷವಾದ ಮೇಲೂ ಆ ಗುಡ್ಡದಲ್ಲಿ ಫ್ಲ್ಯಾಕ್ಸ್ ಕೊಯ್ಯುವ ಕೆಲಸ ಮುಗಿದಿಲ್ಲ.